ಅಮ್ಮನ ಕೂಗಿಗೆ ಒಂದು ಮಿಸ್ಡ್ ಕಾಲ್

ಮನೆತನಕ್ಕೇ ಮೊದಲ ಪದವೀಧರನಾದವನಿಗೆ ಒಂದು ಕಷ್ಟವಿದೆ. ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ. ನಾನು ಓದಿದ್ದು ಬಿ.ಎ. ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಈ ಮೂರರಲ್ಲಿ ಯಾವುದರ ಪಠ್ಯದಲ್ಲೂ ಮಿಕ್ಸಿಯ ಪ್ರಸ್ತಾಪ ಬರುವುದಿಲ್ಲ. ಆದರೂ ಮಿಕ್ಸಿ ನಿಂತರೆ ನಮ್ಮಮ್ಮ, ‘ನಮ್ಮ ಸ್ವಾಮೀನ ಕರಿ, ಅವ್ನು ಡಿಗ್ರಿ ಓದವ್ನೆ’ ಎನ್ನುತ್ತಾಳೆ. ನಾನೂ ಅಷ್ಟೇ, ‘ಇದು ನನಗೆ ಗೊತ್ತಿಲ್ಲ’ ಎಂದು ಇವತ್ತಿನವರೆಗೆ ಹೇಳಿದವನಲ್ಲ. ಗಂಭೀರವಾಗಿ ಬಂದು, ಮಿಕ್ಸಿಯನ್ನು ತಲೆಕೆಳಗು ಮಾಡಿ, ತಳದಲ್ಲಿ ಬರೆದಿರುವುದನ್ನೆಲ್ಲ ಓದಿ, ಮತ್ತೆ ನೆಟ್ಟಗೆ ಇಡುತ್ತೇನೆ. ಕೆಲವು ಸಲ ಅಷ್ಟಕ್ಕೇ ಅದು ತಿರುಗುವುದೂ ಉಂಟು. ಹಾಗೆ ತಿರುಗಿದಾಗಲೆಲ್ಲ ಅಮ್ಮ ನನ್ನ ಹೆಂಡತಿ ಪದ್ಮಳ ಕಡೆ ನೋಡುವ ನೋಟವಿದೆಯಲ್ಲ, ಘಟಿಕೋತ್ಸವದ ದಿನವೂ ನನಗೆ ಅಂಥ ಗೌರವ ಸಿಕ್ಕಿರಲಿಲ್ಲ.

ಈ ಡಿಗ್ರಿ ಸುಮ್ಮನೆ ಬಂದದ್ದಲ್ಲ, ಸೊಪ್ಪಿನಿಂದ ಬಂದದ್ದು. ನಮ್ಮಮ್ಮ ಮುನಿರತ್ನಮ್ಮ ಚಿಕ್ಕಬಳ್ಳಾಪುರದ ಬೀದಿಗಳಲ್ಲಿ ಸೊಪ್ಪು ಮಾರುತ್ತಾಳೆ. ಮೊದಲು ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಬುಟ್ಟಿ ಹೊತ್ತು ಮಾರುತ್ತಿದ್ದಳು, ಈಗ ತಳ್ಳುಗಾಡಿ. ಪೆರೇಸಂದ್ರದ ಕಡೆಯಿಂದ ಬೆಳಗಿನ ಬಸ್ಸಿಗೆ ಸೊಪ್ಪಿನ ಕಟ್ಟು ಹಾಕಿಕೊಂಡು ಬರುವವರ ಹತ್ತಿರ ದಂಟು, ಸಬ್ಬಸಿಗೆ, ಮೆಂತ್ಯ, ಚಕ್ಕೋತ ಎಲ್ಲ ಆರಿಸಿಕೊಳ್ಳುತ್ತಾಳೆ. ಮಳೆ ಬಿದ್ದ ಮೇಲಾದರೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಹತ್ತಾರು ಜಾತಿಯ ಬೆರಕೆ ಸೊಪ್ಪೂ ಇರುತ್ತದೆ. ನಾನು ಚಿಕ್ಕವನಿದ್ದಾಗ ಒಂದು ಸಲ ಅವಳ ಹಿಂದೆಯೇ ನಡೆಯುತ್ತ ಅವಳಂತೆ ಕೂಗಲು ಬಾಯಿ ತೆರೆದಿದ್ದೆ. ಅಮ್ಮ ಬುಟ್ಟಿ ಇಳಿಸಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ‘ನೀನು ಬೀದೀಲಿ ಕೂಗ್ಬಾರ್ದು ಕಣಪ್ಪ. ನೀನು ಕೂಗ್ಬಾರ್ದು ಅಂತಾನೇ ನಾನು ಕೂಗ್ತಿರೋದು’ ಎಂದಿದ್ದಳು. ಅಂದಿನಿಂದ ನಾನು ಕೂಗಿಲ್ಲ. ಡಿಗ್ರಿ ಮುಗಿಸಿ, ಪರೀಕ್ಷೆ ಬರೆದು, ಮೊದಲು ಗೌರಿಬಿದನೂರಿನಲ್ಲಿ, ಈಗ ನಮ್ಮೂರಲ್ಲೇ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಕಚೇರಿಯಲ್ಲಿ ಕೂಗುವುದು ಸಾಹೇಬರ ಕೆಲಸ.

ಅಮ್ಮನ ಕೂಗಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ದಂಟೂ…’ ಎಂದು ತಗ್ಗಿನಲ್ಲಿ ಶುರುವಾಗುತ್ತದೆ. ‘ಸಬ್ಬಸ್ಗೇ…’ ಎನ್ನುವಾಗ ದಿಣ್ಣೆ ಹತ್ತಿದ ಹಾಗೆ ಹತ್ತುತ್ತದೆ. ‘ಮೆಂತ್ಯಾ…’ದಲ್ಲಿ ಮೇಲೆ ನಿಂತು ಒಂದು ಗಳಿಗೆ ಸುತ್ತ ನೋಡುತ್ತದೆ. ಆಮೇಲೆ ‘ಸೊಪ್ಪಮ್ಮೋ ಸೊಪ್ಪೂ’ ಎಂದು ಸರಸರನೆ ಇಳಿದು ಸೀದಾ ಅಡುಗೆಮನೆಗೆ ನುಗ್ಗುತ್ತದೆ. ಇವತ್ತು ಏನು ಸಾರು ಮಾಡುವುದೆಂದು ತಲೆಕೆಡಿಸಿಕೊಂಡು ನಿಂತ ಹೆಂಗಸಿಗೆ ಅಲ್ಲಿಗೆ ಮಸ್ಸೊಪ್ಪು ಎಂದು ತೀರ್ಮಾನವಾಗಿಬಿಡುತ್ತದೆ. ತೆಲುಗಿನವರೇ ಹೆಚ್ಚಿರುವ ಒಂದು ಸಂದಿಯಿದೆ, ಅಲ್ಲಿಗೆ ತಿರುಗಿದೊಡನೆ ಅದೇ ರಾಗಕ್ಕೆ ‘ಆಕುಕೂರಮ್ಮಾ’ ಬಂದು ಕೂರುತ್ತದೆ. ಎಳೆಮಗು ಮಲಗಿರುವ ಮನೆಯ ಮುಂದೆ ಕೂಗು ಮೆತ್ತಗಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ಮುಂದೆ ಪೂರ್ತಿ ನಿಂತು, ಆ ಮನೆ ದಾಟಿದ ಮೇಲೆ ಮತ್ತೆ ಏಳುತ್ತದೆ. ನಮ್ಮಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬೇರೆಯವರ ಮಕ್ಕಳ ಪರೀಕ್ಷೆಗಳನ್ನು ಅವಳಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಈ ಸಂಕ್ರಾಂತಿ ಕಳೆದ ಮೇಲೆ ಆ ಕೂಗು ಒಡೆಯಿತು. ಮೊದಲು ‘ಮೆಂತ್ಯಾ’ದಲ್ಲಿ ಗಂಟಲು ಕೈಕೊಟ್ಟಿತು, ಆಮೇಲೆ ‘ಸಬ್ಬಸ್ಗೇ’ಯಲ್ಲಿ, ಕೊನೆಗೆ ದಂಟೂ ಏಳದಾಯಿತು. ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ನೋಡಿ, ಕೂಗಿ ಕೂಗಿ ಧ್ವನಿಪೆಟ್ಟಿಗೆಯಲ್ಲಿ ಗಂಟಾಗಿದೆ, ಕೂಗುವುದನ್ನು ಬಿಟ್ಟರೆ ಇಳಿಯಬಹುದು, ಹೀಗೇ ಕೂಗಿದರೆ ಮಾತೇ ನಿಂತುಹೋದೀತು ಎಂದರು. ಅಮ್ಮ ಸ್ವಲ್ಪ ಯೋಚನೆ ಮಾಡಿ, ಪಿಸುಗುಟ್ಟುವ ದನಿಯಲ್ಲೇ ಚೌಕಾಸಿಗೆ ಇಳಿದಳು.

‘ಡಾಕ್ಟ್ರಮ್ಮ, ಮಾತಾಡೋದು ಬೇಕಾದ್ರೆ ಪೂರಾ ಬಿಟ್ಬಿಡ್ತೀನಿ. ಕೂಗೋದೊಂದಕ್ಕೆ ಬಿಟ್ಬಿಡಿ.’

‘ಆಗಲ್ಲಮ್ಮ. ಎರಡರಲ್ಲಿ ಒಂದು ಅಂತಿಲ್ಲ ಇದ್ರಲ್ಲಿ. ಕೂಗಂಗೇ ಇಲ್ಲ.’

ಮನೆಗೆ ಬಂದ ಮೇಲೆ ಪದ್ಮ, ‘ಅತ್ತೆ, ಸಾಕು ಬಿಡಿ, ಮನೇಲಿರಿ. ಅವ್ರಿಗೆ ಸಂಬಳ ಬರುತ್ತಲ್ಲ’ ಎಂದಳು. ಅಮ್ಮ, ‘ಸಂಬಳ ಅವ್ನಿಗೆ ಬರುತ್ತೆ ಕಣಮ್ಮ. ನನ್ನ ಬೀದಿ ನನಗೆ ಬರ್ಬೇಕಲ್ಲ’ ಎಂದು ಮಾರನೆಯ ಬೆಳಿಗ್ಗೆ ಗಾಡಿ ತೆಗೆದೇಬಿಟ್ಟಳು. ಬಾಯಿ ಮುಚ್ಚಿಕೊಂಡು ಬೀದಿ ಬೀದಿ ತಿರುಗಿದಳು. ಅವಳು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಬಾಡಿದ ಸೊಪ್ಪು ಮನೆಗೆ ವಾಪಸ್ಸು ಬಂತು. ಆ ವಾರ ನಮ್ಮ ಮನೆಯಲ್ಲಿ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಪಲ್ಯ, ಮತ್ತೆ ಬಸ್ಸಾರು. ನನ್ನ ಊಟದ ಡಬ್ಬಿ ತೆರೆದಾಗ ಕಚೇರಿಯ ಗೆಳೆಯರು, ‘ಏನ್ ಸ್ವಾಮಿ, ಮೇಯಕ್ಕೆ ಬಂದ್ರಾ?’ ಎನ್ನತೊಡಗಿದರು. ಅಮ್ಮ ಮಾತ್ರ ತುತ್ತು ಇಳಿಯದೆ ಕೂತಿರುತ್ತಿದ್ದಳು. ಸೊಪ್ಪು ಉಳಿದದ್ದಕ್ಕೆ ಅಲ್ಲ, ‘ಅಷ್ಟು ಮನೆ ದಾಟ್ಕೊಂಡು ಬಂದೆ, ಒಬ್ರೂ ಬಾಗ್ಲು ತೆಗೀಲಿಲ್ಲ’ ಎಂದು.

ತರಕಾರಿ ಆಟೋದವರು ಇಟ್ಟುಕೊಳ್ಳುತ್ತಾರಲ್ಲ, ಒಂದೇ ಮಾತನ್ನು ಮತ್ತೆ ಮತ್ತೆ ಕಿರುಚುವ ಮೈಕು, ಅದನ್ನು ತಂದುಕೊಡುತ್ತೇನೆ ಎಂದೆ. ಅಮ್ಮ ಮುಖ ಸಿಂಡರಿಸಿದಳು. ‘ಅದು ಉಸಿರೇ ತಗೊಳಲ್ಲ ಕಣೋ. ಮಗು ಮಲ್ಗಿದ್ರೂ ಕಿರುಚುತ್ತೆ, ಹೆಣ ಮಲ್ಗಿದ್ರೂ ಕಿರುಚುತ್ತೆ.’ ಹಾಗಾದರೆ ಬೇಕಾದಾಗ ಫೋನಿನಲ್ಲಿ ಒತ್ತಿ ಕೇಳಿಸು ಎಂದೆ. ಅದೂ ಆಗಲಿಲ್ಲ. ಸೊಪ್ಪಿಗೆ ನೀರು ಚಿಮುಕಿಸುವ ಕೈ ಯಾವಾಗಲೂ ಒದ್ದೆ. ಒದ್ದೆ ಬೆರಳನ್ನು ಆ ಗಾಜು ಬೆರಳೆಂದು ಒಪ್ಪುವುದೇ ಇಲ್ಲ. ಹೀಗೆ ಚರ್ಚೆ ನಡೆಯುತ್ತಿರುವಾಗಲೇ ಗಾಡಿಯ ಮೇಲಿದ್ದ ಅಮ್ಮನ ಫೋನು ಯಾವುದೋ ಸಾಲದ ಕಂಪನಿಯ ಕರೆಗೆ ಟಿಂಗ್ ಟಿಂಗ್ ಎಂದು ಹೊಡೆದುಕೊಂಡಿತು. ಆ ಸದ್ದಿಗೆ ಎದುರುಮನೆಯಾಕೆ ಬಾಗಿಲು ತೆರೆದು ಇಣುಕಿದರು. ನನ್ನ ಬಿ.ಎ. ತಲೆಯಲ್ಲಿ ಆಗ ದೀಪ ಹತ್ತಿತು. ಫೋನನ್ನು ಮುಟ್ಟದೆಯೇ ಕೂಗಿಸಬಹುದು! ಟಿಂಗ್ ಟಿಂಗ್ ಬದಲು ಅಮ್ಮನ ಕೂಗನ್ನೇ ರಿಂಗ್‌ಟೋನ್ ಮಾಡಿಟ್ಟರೆ ಸಾಕು. ಅವಳು ಬೀದಿಗೆ ತಿರುಗುವ ಹೊತ್ತಿಗೆ ನಾನು ಇಲ್ಲಿಂದ ಒಂದು ಮಿಸ್ಡ್ ಕಾಲ್ ಕೊಟ್ಟರಾಯಿತು.

ಆದರೆ ಕೂಗು ಎಲ್ಲಿದೆ? ಇರುವ ಗಂಟಲು ಒಡೆದಿದೆ, ಒಡೆಯುವ ಮುಂಚಿನದನ್ನು ಯಾರೂ ಹಿಡಿದಿಟ್ಟಿಲ್ಲ. ನಮ್ಮ ಮನೆಯ ಫೋನುಗಳಲ್ಲಿ ನಾದಿನಿಯ ಮದುವೆಯ ಊಟದ ಎಲೆಗಳ ಫೋಟೋ ಸಹ ಇವೆ, ನಮ್ಮನ್ನು ಸಾಕಿದ ಕೂಗು ಮಾತ್ರ ಇಲ್ಲ. ಎರಡನೇ ಅಡ್ಡರಸ್ತೆಯ ಶಾಂತಾ ಟೀಚರ್ ಅಮ್ಮನಿಗೆ ಖಾಯಂ ಗಿರಾಕಿ. ವಿಷಯ ತಿಳಿದು ಅವರೇ ಮನೆಗೆ ಬಂದರು. ಶಾಲೆ ಮುಚ್ಚಿ ಮಕ್ಕಳಿಗೆಲ್ಲ ಫೋನಿನಲ್ಲೇ ಪಾಠ ನಡೆಯುತ್ತಿದ್ದ ಕಾಲದಲ್ಲಿ ಅವರು ಮನೆಯ ಜಗುಲಿಯಲ್ಲಿ ಕೂತು ಭಿನ್ನರಾಶಿಯ ಪಾಠವನ್ನು ವಿಡಿಯೋ ಮಾಡಿದ್ದರಂತೆ. ‘ನೋಡಿ ಸ್ವಾಮಿ, ಪಾಠದ ನಡುವೆ ನಿಮ್ಮಮ್ಮ ಬಂದುಬಿಟ್ಟಿದ್ದಾರೆ. ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ಅಳಿಸೋಕೆ ಮನಸ್ಸೇ ಬರಲಿಲ್ಲ’ ಎಂದು ನನ್ನ ಫೋನಿಗೆ ಕಳಿಸಿದರು. ಅಮ್ಮ ಇನ್ನೂ ಬೀದಿಯಿಂದ ಬಂದಿರಲಿಲ್ಲ, ನಾನೂ ಪದ್ಮಳೂ ಹಾಕಿ ಕೇಳಿದೆವು. ಟೀಚರು ಛೇದ, ಅಂಶ ಎಂದು ಹೇಳುತ್ತಿರುವಾಗ ದೂರದಿಂದ ಬಂತು ನೋಡಿ, ತಗ್ಗಿನಿಂದ ದಿಣ್ಣೆಗೆ, ದಿಣ್ಣೆಯಿಂದ ಅಡುಗೆಮನೆಗೆ, ಒಂದು ಬಿರುಕಿಲ್ಲದ ಕೂಗು. ಪದ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕನ್ನಡಕ ಒರೆಸಿದೆ.

‘ರೀ, ಬಸ್‌ಸ್ಟ್ಯಾಂಡ್ ಹತ್ರ ಮೊಬೈಲ್ ಅಂಗಡಿಗೆ ಕೊಡಿ, ಚಿಟಿಕೆ ಹೊಡಿಯೋದ್ರೊಳಗೆ ಮಾಡ್ಕೊಡ್ತಾರೆ’ ಎಂದಳು ಪದ್ಮ. ‘ಡಿಗ್ರಿ ಓದಿರೋನ್ಗೆ ಅಂಗಡಿ ಯಾಕಮ್ಮ?’ ಎಂದಳು, ಆಗ ತಾನೇ ಗಾಡಿ ನಿಲ್ಲಿಸಿ ಒಳಗೆ ಬಂದ ಅಮ್ಮ. ಆಮೇಲೆ ನನಗೆ ದಾರಿಯೇ ಉಳಿಯಲಿಲ್ಲ. ಭಾನುವಾರ ತಿಂಡಿ ತಿಂದು ಕೂತೆ. ರಿಂಗ್‌ಟೋನುಗಳ ಪಟ್ಟಿ ತೆರೆದರೆ ಹೂವಿನ ಹೆಸರು, ನಕ್ಷತ್ರದ ಹೆಸರು, ಸಮುದ್ರದ ಹೆಸರುಗಳೆಲ್ಲ ಇದ್ದವು, ಅಮ್ಮನ ಹೆಸರಿಗೆ ಜಾಗವಿರಲಿಲ್ಲ. ವಿಡಿಯೋದಿಂದ ದನಿಯನ್ನು ಬೇರೆ ಮಾಡಬೇಕಂತೆ. ಅದಕ್ಕೊಂದು ಆ್ಯಪು ಹಾಕಿಕೊಂಡೆ. ಅದು ನಾನು ಒಂದೊಂದು ಗುಂಡಿ ಒತ್ತಿದಾಗಲೂ ರಮ್ಮಿ ಆಡು ಎಂದು ಕರೆಯುತ್ತಿತ್ತು. ಬೇಡವೆನ್ನಲು ಇಟ್ಟಿದ್ದ ಗುರುತು ಸಾಸಿವೆ ಕಾಳಿಗಿಂತ ಸಣ್ಣದು, ನನ್ನ ಹೆಬ್ಬೆರಳೋ ಅಮ್ಮನ ಕಡೆಯಿಂದ ಬಂದ ದಪ್ಪ ಬೆರಳು. ಹೇಗೋ ದನಿ ಬಿಡಿಸಿದೆ. ಬಿಡಿಸಿದ ಫೈಲು ಫೋನಿನೊಳಗೆ ಎಲ್ಲಿ ಅಡಗಿತೋ ಕಾಣಲಿಲ್ಲ. ಕಂಡ ಮೇಲೆ ಅದನ್ನು ಎತ್ತಿ ರಿಂಗ್‌ಟೋನುಗಳ ಫೋಲ್ಡರಿನಲ್ಲಿ ಇಡಬೇಕೆಂದು ಗೊತ್ತಾಯಿತು. ಇಟ್ಟು, ಅಮ್ಮನ ಫೋನಿಗೆ ಸಾಗಿಸಿ, ಸೆಟ್ಟಿಂಗಿಗೆ ಹೋಗಿ, ಸದ್ದು ಎಂಬಲ್ಲಿ ಒತ್ತಿ, ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತೆಂದು ಘೋಷಿಸಿದೆ. ಅಮ್ಮ ನನಗೆ ಕಾಫಿ ಕೊಟ್ಟಳು, ಬೇರೆಯವರಿಗೆ ಕೊಡುವ ಮೊದಲು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮನೆಯೊಳಗೇ ‘ದಂಟೂ… ಸಬ್ಬಸ್ಗೇ…’ ಎಂದು ಕೂಗು ಎದ್ದಿತು. ನಾನು ಅದನ್ನು ರಿಂಗ್‌ಟೋನಿನ ಬದಲು ಅಲಾರಂಗೆ ಹಾಕಿಬಿಟ್ಟಿದ್ದೆ. ಅಮ್ಮ ಧಡಕ್ಕನೆ ಎದ್ದು ಕೂತು, ಕೂದಲು ಗಂಟು ಹಾಕಿಕೊಳ್ಳುತ್ತ ಬಾಗಿಲಿಗೆ ಓಡಿದಳು.

‘ಯಾವಳೋ ಅವ್ಳು, ನನ್ ಬೀದೀಲಿ?’

‘ಅಮ್ಮ, ಯಾರೂ ಇಲ್ಲಮ್ಮ, ಅದು…’

‘ಸುಮ್ನಿರೋ. ಕೇಳು, ಕೇಳು ಆ ಗಂಟ್ಲು! ಬೆಣ್ಣೆ ಇದ್ದಂಗದೆ ಕಣೋ. ಯಾವೂರವ್ಳೋ ಏನೋ. ಇವ್ಳ ಮುಂದೆ ನನ್ ಸೊಪ್ಪು ಯಾರ್ ತಗೊತಾರೆ?’

ಅದು ಅವಳದೇ ಗಂಟಲು ಎಂದು ನಂಬಿಸಲು ಫೋನನ್ನು ಅವಳ ಕೈಗೇ ಕೊಡಬೇಕಾಯಿತು. ಅವಳು ಅದನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದಳು. ಅಷ್ಟು ವರ್ಷ ಆ ಕೂಗನ್ನು ಊರೆಲ್ಲ ಕೇಳಿತ್ತು, ಕೇಳದವಳು ಅವಳೊಬ್ಬಳೇ. ‘ಪರ್ವಾಗಿಲ್ವೆ ನಾನು’ ಎಂದಳು. ನನಗೆ ನಗು ಬರಲಿಲ್ಲ.

ತಿದ್ದಿ ರಿಂಗ್‌ಟೋನಿಗೇ ಹಾಕಿದೆ. ಕಚೇರಿಗೆ ಹೊರಡುವ ಮೊದಲು, ಟೀ ಲೋಟ ಹಿಡಿದು, ಈಗ ಹಿಟ್ಟಿನ ಗಿರಣಿಯ ತಿರುವು ದಾಟಿರುತ್ತಾಳೆ ಎಂದು ಅಂದಾಜು ಮಾಡಿ ಮೊದಲ ಮಿಸ್ಡ್ ಕಾಲ್ ಕೊಟ್ಟೆ. ಅಲ್ಲಿ ಏನಾಯಿತೆಂದು ಶಾಂತಾ ಟೀಚರ್ ಆಮೇಲೆ ಹೇಳಿದರು. ನಾನು ದನಿಯ ಎರಡು ತುದಿಗಳನ್ನು ಸರಿಯಾಗಿ ಕತ್ತರಿಸಿರಲಿಲ್ಲ. ಗಾಡಿಯೊಳಗಿಂದ ಫೋನು ಇಡೀ ಬೀದಿಗೆ, ‘ಮೊದಲು ಛೇದ ಸಮ ಮಾಡಿಕೊಳ್ಳಿ, ದಂಟೂ… ಸಬ್ಬಸ್ಗೇ… ಮೆಂತ್ಯಾ… ಸೊಪ್ಪಮ್ಮೋ ಸೊಪ್ಪೂ, ತಿಳಿಯಿತೇ ಮಕ್ಕಳೇ?’ ಎಂದು ಕೇಳಿತಂತೆ. ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಆ ದಿನ ಸೊಪ್ಪು ಒಂದು ಕಟ್ಟೂ ಉಳಿಯಲಿಲ್ಲ. ಮುಂದಿನ ಭಾನುವಾರ ಮತ್ತೆ ರಮ್ಮಿಯವರ ಜೊತೆ ಕೂತು ಛೇದವನ್ನು ತೆಗೆದೆ, ‘ತಿಳಿಯಿತೇ’ಯನ್ನೂ ತೆಗೆದೆ. ಕೊನೆಯ ‘ಮಕ್ಕಳೇ’ ಮಾತ್ರ ಅಮ್ಮನ ‘ಸೊಪ್ಪೂ’ವಿನ ಬಾಲಕ್ಕೆ ಅಂಟಿಕೊಂಡಿತ್ತು. ಅದನ್ನು ಕತ್ತರಿಸಿದರೆ ಬಾಲವೂ ಹೋಗುತ್ತಿತ್ತು. ‘ಇರ್ಲಿ ಬಿಡು, ಎಲ್ರೂ ಮಕ್ಳೇ ಅಲ್ವಾ’ ಎಂದಳು ಅಮ್ಮ. ಹಾಗೆ ‘ಸೊಪ್ಪಮ್ಮೋ ಸೊಪ್ಪೂ… ಮಕ್ಕಳೇ’ ಎಂಬುದೇ ಖಾಯಮ್ಮಾಯಿತು.

ನಾನು ಮನೆಯಲ್ಲಿ ಕೂತು ಮಾಡುವ ಅಂದಾಜು ಒಂದೊಂದು ದಿನ ತಪ್ಪುತ್ತಿತ್ತು. ಎಳೆಮಗುವಿನ ಮನೆಯ ಮುಂದೆಯೇ ಕೂಗಿಸಿ ಬೈಸಿಕೊಂಡೆ. ಅದಕ್ಕೆ ಪರಿಹಾರ ಕಂಡುಹಿಡಿದವರು ಬೀದಿಯ ಹೆಂಗಸರು, ಯಾರೂ ಹೇಳಿಕೊಡದೆ. ಅಮ್ಮನ ನಂಬರು ಮನೆಮನೆಗೆ ಹರಡಿತು. ಸೊಪ್ಪು ಬೇಕಾದವರು ಅಡುಗೆಮನೆಯಿಂದಲೇ ಒಂದು ಮಿಸ್ಡ್ ಕಾಲ್ ಕೊಟ್ಟು ಕಿವಿ ನಿಮಿರಿಸುವುದು. ಕೂಗು ಗಿರಣಿಯ ಕಡೆಯಿಂದ ಬಂದರೆ ಇನ್ನೂ ಹೊತ್ತಿದೆ, ಕಾಫಿ ಕುಡಿಯಬಹುದು. ಆಂಜನೇಯನ ಗುಡಿಯ ಕಡೆಯಿಂದ ಬಂದರೆ ಪಾತ್ರೆ ಹಿಡಿದು ಹೊರಡಬೇಕು. ಎಳೆಮಗುವಿನ ತಾಯಿ, ಮಗು ಎದ್ದ ಮೇಲೆ ತಾನೇ ಕರೆ ಮಾಡುತ್ತಾಳೆ. ಪರೀಕ್ಷೆಯ ಮನೆಯವರು ಮಾಡುವುದೇ ಇಲ್ಲ, ಅಮ್ಮನೇ ಅವರ ಮೆಟ್ಟಿಲ ಮೇಲೆ ಒಂದು ಕಟ್ಟು ಮೆಂತ್ಯ ಇಟ್ಟು ಬರುತ್ತಾಳೆ. ಯಾವ ಮನೆಗೆ ಯಾವಾಗ ಕೂಗಬೇಕೆಂದು ಅಮ್ಮ ಇಷ್ಟು ವರ್ಷ ನೋಡಿಕೊಂಡದ್ದನ್ನು ಈಗ ಬೀದಿಯೇ ಅವಳಿಗಾಗಿ ನೋಡಿಕೊಳ್ಳುತ್ತಿದೆ. ತೆಲುಗು ಸಂದಿಯ ಅಜ್ಜಿಯೊಬ್ಬರಿಗೆ ಮಾತ್ರ ಸಮಾಧಾನವಿಲ್ಲ. ‘ಏಮಮ್ಮಾ ರತ್ನಮ್ಮಾ, ನೀ ಫೋನ್‌ಕಿ ತೆಲುಗು ರಾದಾ?’ ಎಂದು ದಿನಾ ಕೇಳುತ್ತಾರಂತೆ, ನಿನ್ನ ಫೋನಿಗೆ ತೆಲುಗು ಬರುವುದಿಲ್ಲವೇ ಎಂದು. ನನ್ನ ಹೆಂಡತಿ ಚಿಂತಾಮಣಿಯವಳು, ತವರಿನಲ್ಲಿ ತೆಲುಗು. ಅವಳನ್ನು ಕೂಗಿಸಿ ನೋಡಿದೆವು. ಅಮ್ಮ ತಲೆ ಅಲ್ಲಾಡಿಸಿದಳು. ‘ಬೇಡ ಕಣಮ್ಮ. ನೀನು ಕೂಗಿದ್ರೆ ಸೊಪ್ಪು ಮಾರ್ದಂಗಿಲ್ಲ, ಕಳ್ಳ ಬಂದಂಗದೆ.’

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಸಾಲದ ಕಂಪನಿಯವರಿಗೆ ಆ ಹೊತ್ತಿಗೇ ಅಮ್ಮನ ನೆನಪಾಗಬೇಕೇ! ಚೀಲದೊಳಗಿಂದ ‘ದಂಟೂ…’ ಎಂದು ಶುರುವಾಯಿತು. ಒಳಗಿದ್ದ ಡಾಕ್ಟರು ರೋಗಿಯನ್ನು ಬಾಯಿ ತೆರೆದಿರುವಂತೆಯೇ ಬಿಟ್ಟು ಹೊರಗೆ ಬಂದರು.

‘ರತ್ನಮ್ಮ! ಏನು ಹೇಳಿದ್ದೆ ನಾನು? ಆಸ್ಪತ್ರೆಗೇ ಬಂದು ಕೂಗ್ತೀರಲ್ಲ!’

ಅಮ್ಮ ತುಟಿ ಬಿಗಿದುಕೊಂಡು, ಎರಡು ಕೈಯಲ್ಲೂ ತನ್ನ ಬಾಯಿ ಮುಚ್ಚಿ ತೋರಿಸಿದಳು. ಕೂಗು ನಿಲ್ಲಲಿಲ್ಲ, ‘ಮೆಂತ್ಯಾ…’ ಏರಿತು. ಮುಚ್ಚಿದ ಬಾಯಿಂದ ಬರುತ್ತಿರುವ ಆ ಕೂಗನ್ನು ಡಾಕ್ಟರು ತಮ್ಮ ಓದಿನಲ್ಲಿ ಎಲ್ಲೂ ಕಂಡಿರಲಾರರು. ವಿಷಯ ತಿಳಿಸಿದ ಮೇಲೆ ನಕ್ಕು, ಗಂಟಲು ನೋಡಿ, ಗಂಟು ಇಳಿಯುತ್ತಿದೆ, ಇನ್ನೂ ಕೆಲವು ತಿಂಗಳು ಹೀಗೇ ಫೋನೇ ಕೂಗಲಿ ಎಂದರು. ಹೊರಡುವಾಗ ಅವರೂ ಅಮ್ಮನ ನಂಬರು ಬರೆದುಕೊಂಡರು.

ನಂಬರು ಹೀಗೆ ಹರಡಿದ್ದೇ ಕೊನೆಗೆ ಮುಳುವಾಯಿತು. ಮೊನ್ನೆ ಸೋಮವಾರ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೊರಳಿಗೆ ಕಚೇರಿಯ ಗುರುತಿನ ಚೀಟಿ ನೇತುಹಾಕಿಕೊಂಡು ಸ್ಕೂಟರಿನಲ್ಲಿ ಹೊರಟಿದ್ದೆ. ಗುಡಿಯ ಮುಂದಿನ ತಿರುವಿನಲ್ಲಿ ಅಮ್ಮ ಗಾಡಿಯ ಪಕ್ಕ ಸುಮ್ಮನೆ ನಿಂತಿದ್ದಳು. ಬಂದ ಕರೆಗಳಿಗೆಲ್ಲ ಕೂಗಿ ಕೂಗಿ ಫೋನಿನ ಬ್ಯಾಟರಿ ಸತ್ತಿತ್ತು. ಗಾಡಿಯ ತುಂಬ ಬೆರಕೆ ಸೊಪ್ಪು. ಅದು ಮಧ್ಯಾಹ್ನದವರೆಗೂ ನಿಲ್ಲುವ ಜಾತಿಯಲ್ಲ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಿಂದಿನ ರಸ್ತೆಯಲ್ಲಿ ತರಕಾರಿ ಆಟೋದ ಮೈಕು ಉಸಿರು ತೆಗೆದುಕೊಳ್ಳದೆ ಕಿರುಚುತ್ತ ಇತ್ತ ಕಡೆಗೇ ಬರುತ್ತಿತ್ತು. ಅಮ್ಮ ನನ್ನನ್ನು ನೋಡಲಿಲ್ಲ. ಬಾಗಿಲುಗಳನ್ನು ನೋಡಿದಳು, ಸೊಪ್ಪನ್ನು ನೋಡಿದಳು, ಸೆರಗು ಸಿಕ್ಕಿಸಿಕೊಂಡು ಎದೆ ತುಂಬ ಉಸಿರು ಎಳೆದುಕೊಂಡಳು. ಆ ಉಸಿರು ಯಾವುದಕ್ಕೆಂದು ನನಗೆ ಗೊತ್ತಿತ್ತು. ಅದು ಹೊರಗೆ ಬರುವುದರೊಳಗೆ ಸ್ಕೂಟರು ನಿಲ್ಲಿಸಿ, ಅವಳ ಬಾಯಿಗೆ ಕೈ ಅಡ್ಡ ಹಿಡಿದು, ನಾನೇ ಕೂಗಿದೆ. ‘ದಂಟೂ… ಸಬ್ಬಸ್ಗೇ… ಮೆಂತ್ಯಾ… ಸೊಪ್ಪಮ್ಮೋ ಸೊಪ್ಪೂ… ಮಕ್ಕಳೇ!’

ಆ ‘ಮಕ್ಕಳೇ’ ಯಾಕೆ ಬಂತೋ ದೇವರಿಗೇ ಗೊತ್ತು. ದಿನಾ ಕೇಳಿ ಕೇಳಿ ಅದೂ ಕೂಗಿನ ಭಾಗವೇ ಆಗಿಹೋಗಿತ್ತು. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಆಮೇಲೆ ಬೀದಿ ಪೂರ್ತಿ ತೆರೆಯಿತು. ಶಾಂತಾ ಟೀಚರ್ ಮುಂದಲೆಗೆ ಎಣ್ಣೆ ಹಚ್ಚಿಕೊಂಡಿದ್ದಂತೆಯೇ ಗೇಟಿಗೆ ಬಂದು, ‘ಸ್ವಾಮಿ, ನೀವಾ! ನಾನು ಫೋನಿಗೆ ನೆಗಡಿ ಆಗಿದೆ ಅಂದ್ಕೊಂಡೆ’ ಎಂದರು. ಎಲ್ಲರೂ ನಕ್ಕರು, ಎಲ್ಲರೂ ಸೊಪ್ಪು ಕೊಂಡರು. ಆಟೋ ಬಂದು ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಗಾಡಿ ಖಾಲಿಯಾದ ಮೇಲೆ ನನಗೆ ಒಳಗೊಳಗೇ ಹೆಮ್ಮೆ. ಆದರೂ ಆ ಹಳೆಯ ಮಾತು ನೆನಪಾಗಿ ಅಮ್ಮನ ಮುಖ ನೋಡಲು ಸ್ವಲ್ಪ ಅಳುಕು. ನಾನು ಕೂಗಬಾರದೆಂದೇ ತಾನು ಕೂಗಿದವಳು. ಏನೆನ್ನುತ್ತಾಳೋ, ಕಣ್ಣೀರು ಹಾಕುತ್ತಾಳೋ ಎಂದುಕೊಂಡೆ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ನನ್ನ ಕೊರಳಿನ ಗುರುತಿನ ಚೀಟಿಯನ್ನು ನೆಟ್ಟಗೆ ಮಾಡಿ, ಪಿಸುದನಿಯಲ್ಲಿ ಹೇಳಿದಳು:

‘ಸಬ್ಬಸ್ಗೇಲಿ ಏರ್ಲೇ ಇಲ್ಲ ಕಣಪ್ಪ ನೀನು. ಮೆಂತ್ಯಾನಂತೂ ನುಂಗೇಬಿಟ್ಟೆ. ಇದೆಲ್ಲ ನಿನ್ ಕೈಲಾಗಲ್ಲ, ಆಫೀಸ್‌ಗೆ ಹೋಗು. ಅದಕ್ಕೇ ಅಲ್ವಾ ನಿನ್ನ ಓದ್ಸಿದ್ದು.’

ಬಿ.ಎ. ಓದಿದ್ದು ದೊಡ್ಡ ಸಾಧನೆಯೆಂದು ನಾನು ಇಷ್ಟು ದಿನ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ನನಗೆ ಸೊಪ್ಪು ಕೂಗುವ ಯೋಗ್ಯತೆ ಇಲ್ಲವೆಂದು ಅಮ್ಮನಿಗೆ ಅಷ್ಟು ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ಸ್ಕೂಟರು ಹತ್ತಿ ಸರಿಯಾದ ಹೊತ್ತಿಗೇ ಕಚೇರಿ ಸೇರಿದೆ. ಗಂಟಲು ಮಾತ್ರ ಸಂಜೆಯವರೆಗೂ ಕಟ್ಟಿಕೊಂಡಿತ್ತು. ಸಾಹೇಬರು ಕರೆದಾಗ, ಓಗೊಡಲಾಗದೆ, ಅವರ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟು ಎದ್ದೆ.